ಬರ್ಬಟ್‌ನ ಕಪ್ಪು ಪರದೆ

“ನಾಲ್ಕು ಗಂಟೆ ಹೊಡೆಯೋದ್ರೊಳಗೆ ಆ ಪರದೆ ಮೇಲೆ ಚಿತ್ರ ಬರ್ಬೇಕು. ಬರ್ಲಿಲ್ಲ ಅಂದ್ರೆ ನೀನೂ ಇಲ್ಲಿಂದ ಹೋಗಲ್ಲ. ಗೊತ್ತಾಯ್ತೇನಮ್ಮಾ?”

ಲಾಯ್ಡ್ ಥಿಬೊ ಇಷ್ಟು ಹೇಳಿ ಬಾಗಿಲ ಚಿಲಕ ಹಾಕಿದ. ನನ್ನ ಕಾರಿನ ಕೀಲಿ ಆಗಲೇ ಅವನ ಜೇಬು ಸೇರಿತ್ತು.

“ಗೊತ್ತಾಯ್ತು. ಕಾಫಿ ಇದೆಯಾ?”

“ಚಿತ್ರ ಮೊದಲು. ಕಾಫಿ ಆಮೇಲೆ.”

ಬಾಗಿಲಿಗೆ ಅಡ್ಡವಾಗಿ ಬಕ್ ನಿಂತಿದ್ದ. ಆರೂವರೆ ಅಡಿ ಆಳು. ಕೈಯಲ್ಲಿ ದಿಮ್ಮಿ ಉರುಳಿಸುವ ಕೊಕ್ಕೆಗೋಲು. ಗೋಡೆಯ ಮೇಲೆ ಜಿಂಕೆ ಬೇಟೆಯ ರೈಫಲ್. ನನ್ನ ಕೈಯಲ್ಲಿ ಒಂದು ಸ್ಕ್ರೂಡ್ರೈವರ್!

ಎದುರಿಗೆ ಹಳೆಯ ಕಂಪ್ಯೂಟರ್ ಒಂದು ಗುಂಯ್‌ಗುಡುತ್ತಿತ್ತು. ಪರದೆ ಮಾತ್ರ ಕಪ್ಪು... ಬಾಣಲೆಯ ತಳದಷ್ಟು ಕಪ್ಪು.

ನಿಜ ಹೇಳಲೇ? ಅದು ಎರಡು ನಿಮಿಷದ ರಿಪೇರಿ.

ಆದರೆ ನಾನು ಚಿತ್ರ ಬರಿಸಲು ಬಂದವಳಲ್ಲ.

ಲಾಯ್ಡ್ ಥಿಬೊನನ್ನು ಮುಗಿಸಲು ಬಂದವಳು.

ನನ್ನ ಹೆಸರು ಹಿಲ್ಮಾ. ವಯಸ್ಸು ಐವತ್ತೆಂಟು. ಇಪ್ಪತ್ತು ವರ್ಷ ಮಿಲ್ವಾಕಿಯಲ್ಲಿ ಒಂದು ವಿಮಾ ಕಂಪನಿಗೆ ಬೆಂಕಿ ಅನಾಹುತಗಳ ತನಿಖೆ ಮಾಡಿದೆ. ಸುಟ್ಟ ಗೋಡೆ ನೋಡಿ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹೇಳುವುದು ನನ್ನ ಕಸುಬಾಗಿತ್ತು. ಈಗ ಹಳೆಯ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದೇನೆ. ಈ ರಿಪೇರಿ ಕಲಿಸಿದವನು ನಮ್ಮಣ್ಣ ಆರ್ವೊ. ಯಾವ ಶಾಲೆಯೂ ಅಲ್ಲ.

ಆರ್ವೊ ಇದ್ದದ್ದು ಇಲ್ಲೇ, ಮಿಷಿಗನ್ನಿನ ಉತ್ತರದ ತುದಿಯಲ್ಲಿ. ಸುಪೀರಿಯರ್ ಸರೋವರದ ಗಾಳಿ ಮೂಳೆ ಕೊರೆಯುವ ಕಡೆ. ಸೌನಾ ಎಂಬ ಹಬೆ ಸ್ನಾನದ ಕೋಣೆಯ ಪಕ್ಕದಲ್ಲೇ ಅವನ ವರ್ಕ್‌ಶಾಪು. ಅಲ್ಲಿ ಕೂತು ಆರು ವರ್ಷ ಒಂದು ಪ್ರೋಗ್ರಾಮ್ ಬರೆದ. ದಿಮ್ಮಿಯನ್ನು ಕ್ಯಾಮೆರಾ ಕಣ್ಣಲ್ಲಿ ಅಳೆದು, ಎಲ್ಲಿ ಕೊಯ್ದರೆ ಚೂರೂ ವ್ಯರ್ಥವಾಗುವುದಿಲ್ಲ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುವಂಥದು. ಓಡುವುದು ಲಿನಕ್ಸ್ ಎಂಬ ಪುಕ್ಕಟೆ ಸಿಗುವ ವ್ಯವಸ್ಥೆಯ ಮೇಲೆ. ಗೆರೆ ಎಳೆಯುವುದು ಹದಿನೈದು ವರ್ಷದ ಮುದಿ ಗ್ರಾಫಿಕ್ಸ್ ಕಾರ್ಡು. ಆ ಕಾರ್ಡು ತೆಗೆದರೆ ಪ್ರೋಗ್ರಾಮೂ ಇಲ್ಲ.

“ಮರ ಕೊಯ್ಯೋ ಮಿಲ್ಲಿನ ಥಿಬೊ ಕೇಳ್ತಿದಾನೆ ಕಣೇ, ಅವನೊಬ್ಬನಿಗೇ ಕೊಡ್ಬೇಕಂತೆ,” ಎಂದು ಆರ್ವೊ ಫೋನಿನಲ್ಲಿ ನಕ್ಕಿದ್ದ. “ನಾನು ಕೊಡಲ್ಲ. ಈ ಕಡೆ ಇರೋ ಸಣ್ಣ ಮಿಲ್ಲು ಎಲ್ಲಕ್ಕೂ ಪುಕ್ಕಟೆ ಹಂಚ್ತೀನಿ. ಲಿನಕ್ಸ್ ನಂಗೇನು ದುಡ್ಡಿಗೆ ಸಿಕ್ತಾ?”

ಅದು ಆಗಸ್ಟಿನಲ್ಲಿ. ಮುಂದಿನ ವಾರವೇ ವರ್ಕ್‌ಶಾಪು ಉರಿಯಿತು. ಒಳಗೆ ಆರ್ವೊ ಇದ್ದ.

‘ಕುಡಿದು, ಸಿಗರೇಟು ಹಚ್ಚಿಕೊಂಡು ಮಲಗಿದ್ದಾನೆ’ ಎಂದು ವರದಿ ಬಂತು. ಹಾಸಿಗೆಯಲ್ಲಿ ಬ್ರಾಂಡಿ ಸಿಕ್ಕಿತಂತೆ. ಒಂಬತ್ತು ವರ್ಷ ಒಂದು ತೊಟ್ಟು ಮುಟ್ಟದವನು! ಊರಿನ ಕುಡುಕರನ್ನೆಲ್ಲ ಕೈಹಿಡಿದು ಕುಡಿತ ಬಿಡುವವರ ಸಭೆಗೆ ಕರೆದೊಯ್ದು ಕುಡಿತ ಬಿಡಿಸಿದವನು! ಅಂಥವನ ಅಂತ್ಯಕ್ರಿಯೆಗೆ ಐದು ಜನ ಬಂದರು. ಉಳಿದವರಿಗೆ ನಾಚಿಕೆ... ಥಿಬೊ ಹೂವಿನ ಚಕ್ರ ಕಳಿಸಿದ. ತಾನು ಬರಲಿಲ್ಲ. ಅದಕ್ಕೇ ನನ್ನ ಮುಖ ಅವನಿಗೆ ಗೊತ್ತಿರಲಿಲ್ಲ.

ಏಳು ತಿಂಗಳು ನಾನು ಹಲ್ಲು ಕಚ್ಚಿಕೊಂಡಿದ್ದೆ.

ಆಮೇಲೆ ಅವನು ಅಪ್‌ಡೇಟ್ ಮಾಡಿದ.

ಓಡುತ್ತಿರುವ ಯಂತ್ರವನ್ನು ಮುಟ್ಟಬಾರದು ಎಂಬುದು ನಮ್ಮ ಕಸುಬಿನವರಿಗೆ ಗೊತ್ತು. ಕದ್ದವನಿಗೆ ಹೇಗೆ ಗೊತ್ತಾಗಬೇಕು? ‘ಹೊಸದು ಬಂದಿದೆ, ಹಾಕಿಕೊಳ್ಳಲಾ?’ ಎಂದು ಯಂತ್ರ ಕೇಳಿದೆ. ಇವನು ‘ಹೂಂ’ ಎಂದು ಒತ್ತಿದ್ದಾನೆ. ಹೊಸ ವ್ಯವಸ್ಥೆ ಆ ಮುದಿ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ಕತ್ತುಹಿಡಿದು ಹೊರಗೆ ದಬ್ಬಿತು. ಪರದೆ ಕಪ್ಪಾಯಿತು. ಮಿಲ್ಲು ನಿಂತಿತು.

ಇವನು ಏನು ಮಾಡಿದ? ಎಲ್ಲರೂ ಮಾಡುವುದನ್ನೇ. ಇಂಟರ್ನೆಟ್ಟಿನಲ್ಲಿರುವ ಲಿನಕ್ಸಿನವರ ವೇದಿಕೆಗೆ ಹೋಗಿ ತನ್ನ ಹೆಸರಲ್ಲೇ ಪ್ರಶ್ನೆ ಹಾಕಿದ: ‘ಹಳೇ ಕಾರ್ಡು, ಕಪ್ಪು ಪರದೆ, ದಯವಿಟ್ಟು ಸಹಾಯ ಮಾಡಿ.’

ಆ ವೇದಿಕೆಯಲ್ಲಿ ಒಂದು ಪದ್ಧತಿ ಇದೆ. ಅಲ್ಲಿನ ಹಳೆಯ ತಲೆಗಳು ಸುಮ್ಮನೆ ಉತ್ತರ ಕೊಡುವುದಿಲ್ಲ. ‘ಮೊದಲು ಲಾಗ್ ಹಾಕಪ್ಪ. ಅರ್ಧ ಅಲ್ಲ, ಪೂರ್ತಿ!’ ಎಂದು ಗದರಿಸುತ್ತಾರೆ. ಯಂತ್ರ ಎದ್ದಾಗಿನಿಂದ ತನಗೆ ತಾನೇ ಬರೆದುಕೊಳ್ಳುವ ದಿನಚರಿ ಅದು. ಥಿಬೊ ಪಾಪ... ಹೇಳಿದ ಮಾತು ಕೇಳುವ ಹುಡುಗನ ಹಾಗೆ ಎರಡು ಸಾವಿರ ಸಾಲು ತಂದು ಸುರಿದ.

ಪ್ರತಿ ಸಾಲಿನಲ್ಲೂ ಯಂತ್ರದ ಹೆಸರು.

ಬರ್ಬಟ್.

ನಮ್ಮ ಸರೋವರದ ತಳದಲ್ಲಿರುವ ಒಂದು ವಿಕಾರ ಮೀನು. ಆರ್ವೊ ತನ್ನ ಯಂತ್ರಗಳಿಗೆಲ್ಲ ಮೀನಿನ ಹೆಸರೇ ಇಡುತ್ತಿದ್ದ. ತಟ್ಟೆ ಕದ್ದವನು ತಟ್ಟೆಯ ತಳದಲ್ಲಿ ಕೆತ್ತಿದ ಹೆಸರು ನೋಡಿರಲಿಲ್ಲ!

ಅಂದು ಆ ವೇದಿಕೆಯಲ್ಲಿ ಉತ್ತರ ಹೇಳುತ್ತಾ ಕೂತಿದ್ದವಳು ನಾನು. ಸಾಲು ಸಾಲಾಗಿ ಓದುತ್ತಾ ಕೆಳಗಿಳಿದೆ... ಡಿಸ್ಕಿನ ನಂಬರು ಸಿಕ್ಕಿತು. ಆ ಡಿಸ್ಕನ್ನು ಆರ್ವೊಗೆ ಹುಟ್ಟುಹಬ್ಬಕ್ಕೆ ಕೊಟ್ಟವಳೇ ನಾನು. ರಸೀದಿ ನನ್ನ ಹತ್ತಿರ ಇತ್ತು. ಅದೇ ನಂಬರು!

ಬೆಂಕಿಯಲ್ಲಿ ಸುಟ್ಟುಹೋದ ಯಂತ್ರ ಥಿಬೊನ ಮಿಲ್ಲಿನಲ್ಲಿ ಹೇಗೆ ಉಸಿರಾಡುತ್ತಿದೆ? ಬೆಂಕಿಗೆ ಮೊದಲೇ ಯಾರೋ ಅದನ್ನು ಎತ್ತಿಕೊಂಡು ಹೋಗಿದ್ದರೆ ಮಾತ್ರ.

ಶೆರಿಫ್‌ಗೆ ಫೋನ್ ಮಾಡಿದೆ.

“ನಂಬರು ಬೆಂಕಿ ಹಚ್ಚಲ್ಲ ಮೇಡಂ,” ಎಂದ ಆ ಪೊಲೀಸ್ ಅಧಿಕಾರಿ. “ನಿಮ್ಮಣ್ಣನೇ ಮಾರಿದ್ದ ಅಂತಾನೆ ಅವನು. ಆಗೇನು ಮಾಡ್ತೀರಿ? ಅವನ ಬಾಯಿಂದ ಬರ್ಬೇಕು.”

ಬರಲಿ, ಅವನ ಬಾಯಿಂದಲೇ ಬರಲಿ. ವೇದಿಕೆಯಲ್ಲಿ ಗುಟ್ಟಾಗಿ ಥಿಬೊಗೆ ಒಂದು ಸಾಲು ಬರೆದೆ: ‘ಇದು ಮಾತಲ್ಲಿ ಆಗೋ ಕೆಲಸ ಅಲ್ಲ. ನಾನೇ ಬರ್ತೀನಿ.’

ಹಾಗೆ ಬಂದೆ. ಮಾರ್ಚ್ ತಿಂಗಳ ಶನಿವಾರ. ಸೋಮವಾರದಿಂದ ರಸ್ತೆಗಳಿಗೆ ಭಾರದ ಲಾರಿ ಬಿಡುವುದಿಲ್ಲ. ನೆಲದ ಹಿಮ ಕರಗಿ ರಸ್ತೆ ಕುಸಿಯುತ್ತದೆಂದು ಪ್ರತಿ ವರ್ಷ ಮುಚ್ಚುತ್ತಾರೆ. ಅಷ್ಟರೊಳಗೆ ದಿಮ್ಮಿ ಕೊಯ್ಯದಿದ್ದರೆ ಥಿಬೊನ ವರ್ಷವೇ ಹೋಯಿತು. ಅಂಗಳದಲ್ಲಿ ಹತ್ತೊಂಬತ್ತು ಲಾರಿ ದಿಮ್ಮಿ ಹೊತ್ತು ನಿಂತಿದ್ದವು. ಮಂಗಳವಾರದಿಂದ! ಡ್ರೈವರುಗಳು ಇಂಜಿನ್ನಿನ ಮೇಲೆ ಪಾಸ್ಟಿ ಎಂಬ ಮಾಂಸದ ಕಡುಬು ಬಿಸಿಮಾಡಿಕೊಂಡು ತಿನ್ನುತ್ತಾ ಬೈಯುತ್ತಾ ಕಾಯುತ್ತಿದ್ದರು. ಒಂದು ಇಂಜಿನ್ನೂ ಆರಿರಲಿಲ್ಲ. ಅಲ್ಲಿನ ಚಳಿಯಲ್ಲಿ ಡೀಸೆಲ್ ಇಂಜಿನ್ ಆರಿಸುವವನು ಮೂರ್ಖ... ಮತ್ತೆ ಹೊತ್ತುವುದಿಲ್ಲ.

ಇದನ್ನು ನೆನಪಿಟ್ಟುಕೊಳ್ಳಿ.

“ಏನ್ ಮಾಡ್ತಿದೀಯ?” ಥಿಬೊ ನನ್ನ ಹೆಗಲ ಮೇಲೆ ಬಗ್ಗಿದ.

“ನನ್ನ ಲ್ಯಾಪ್‌ಟಾಪಿಂದ ವೈರ್ ಹಾಕ್ತಿದೀನಿ. ಪಾಸ್‌ವರ್ಡ್ ಹೇಳಿ.”

ಹೇಳಿದ. ಬಾಗಿಲೂ ಅವನದೇ, ಕೀಲಿಯೂ ಅವನೇ ಕೊಟ್ಟ!

“ಇದು ಸತ್ತಿದೆ ಅಲ್ವಾ? ಸತ್ತಿರೋದ್ರ ಒಳಗೆ ಏನ್ ಹುಡುಕ್ತೀಯ?”

“ನೋಡೋಣ.”

ಇದೇ ಎಲ್ಲರೂ ಮಾಡುವ ತಪ್ಪು. ಪರದೆ ಕಪ್ಪಾಯಿತೆಂದರೆ ಯಂತ್ರ ಸತ್ತಿತು ಅಂದುಕೊಳ್ಳುತ್ತಾರೆ. ಸತ್ತಿರುವುದಿಲ್ಲ. ಚಿತ್ರ ಬಿಡಿಸುವವನು ಮಾತ್ರ ಕೆಲಸ ಬಿಟ್ಟಿರುತ್ತಾನೆ. ಒಳಗೆ ಮನೆ ತುಂಬಾ ಜನ ದುಡಿಯುತ್ತಲೇ ಇರುತ್ತಾರೆ. ಕಿವಿ ಕೇಳುತ್ತಿರುತ್ತದೆ... ಬಾಯಿಯೂ ಆಡುತ್ತದೆ.

ಮೇಜಿನ ಮೇಲೆ ಒಂದು ಮೈಕು ಇತ್ತು. ‘ಮುಂದಿನ ಲಾರಿ ಬಾ’ ಎಂದು ಕರೆಯಲು. ಅಂಗಳದ ಕಂಬಗಳ ಮೇಲೆ ಆರು ಧ್ವನಿವರ್ಧಕ, ಗರಗಸದ ಸದ್ದನ್ನೂ ಮೀರಿಸುವಂಥವು. ಎಲ್ಲವೂ ಬರ್ಬಟ್‌ನ ಮೂಲಕವೇ ಹಾಯುತ್ತಿದ್ದವು. ಪರದೆ ಹೋದ ದಿನದಿಂದ ಅವೂ ಸತ್ತವು ಎಂದೇ ಥಿಬೊ ತಿಳಿದಿದ್ದ.

ಇನ್ನು ನಾವು ಕೂತಿದ್ದ ಕೋಣೆ... ಗರಗಸದವನ ಕಿವಿ ಉಳಿಯಲೆಂದು ಜೋಡಿ ಗಾಜು ಹಾಕಿ ಬಿಗಿದದ್ದು. ಹೊರಗಿನ ಸದ್ದು ಒಳಗೆ ಒಂದಿಷ್ಟೂ ಬರುವುದಿಲ್ಲ.

ಮೂರು ಸಾಲು ಟೈಪು ಮಾಡಿದೆ.

“ಬಕ್, ನನ್ನ ಕಾರಲ್ಲಿ ಇನ್ನೊಂದು ವೈರ್ ಇದೆ. ತಂದ್ಕೊಡ್ತೀಯಾ?”

ಬಕ್ ಯಜಮಾನನ ಮುಖ ನೋಡಿದ. ಥಿಬೊ ಕೀಲಿ ಎಸೆದ. ಬಕ್ ಹೋದ. ಬಾಗಿಲು ಮುಚ್ಚಿಕೊಂಡಿತು.

ನಾನು ಕುರ್ಚಿ ತಿರುಗಿಸಿದೆ.

“ಲಾಯ್ಡ್, ಈ ಯಂತ್ರದ ಹೆಸರು ಗೊತ್ತಾ ನಿಂಗೆ?”

“ಯಂತ್ರಕ್ಕೆಂಥಾ ಹೆಸರು?”

“ಬರ್ಬಟ್. ಹೆಸರಿಟ್ಟೋನು ಆರ್ವೊ ರೌಟಿಯೊ. ನಮ್ಮಣ್ಣ.”

ಒಂದೇ ಹೆಜ್ಜೆಗೆ ಗೋಡೆಯ ರೈಫಲ್ ಅವನ ಕೈಗೆ ಬಂತು.

“ಓಹೋ! ತಂಗಿಯೋ!”

“ಹೂಂ. ಬೆಂಕಿ ಓದೋ ತಂಗಿ. ಹಾಸಿಗೆ ಮೇಲೆ ಬ್ರಾಂಡಿ ಸುರಿದಿದ್ದು ನೀನು. ಆದ್ರೆ ನಿಂಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು? ಯಾರನ್ನೋ ಕಳಿಸಿರ್ತೀಯ. ಹೇಡಿ.”

“ಯಾರನ್ನ ಹೇಡಿ ಅಂತೀಯೇ?”

“ಬಕ್‌ನ ಕಳಿಸಿದ್ಯಾ?”

“ಅವನಿಗೆಲ್ಲಿದೆ ತಲೆ! ನಾನೇ ಹೋಗಿದ್ದೆ!” ಕೂಗಿದ. “ಬಾಟಲಿ ನಾನೇ ಸುರಿದೆ, ಕಡ್ಡೀನೂ ನಾನೇ ಗೀರಿದೆ! ಆರು ವರ್ಷದ ಕೆಲಸ ಊರಿಗೆಲ್ಲ ಬಿಟ್ಟಿ ಕೊಡ್ತೀನಿ ಅಂತಾನಲ್ಲ ಮುಠ್ಠಾಳ! ಮಲಗಿದ್ದ. ಏಳಲಿಲ್ಲ. ಊರು ಕುಡುಕ ಅಂತು, ಮುಗೀತು. ಈಗ ಗೊತ್ತಾಯ್ತಲ್ಲ? ಯಾರಿಗೆ ಹೇಳ್ತೀಯ?”

ನಾನು ಕಿಟಕಿಯಾಚೆ ನೋಡಿದೆ.

ಹತ್ತೊಂಬತ್ತು ಲಾರಿಗಳ ಹೊಗೆ ಕೊಳವೆ. ಮೊದಲ ಲಾರಿಯ ಹೊಗೆ ನಿಂತಿತು. ಆಮೇಲೆ ಎರಡನೆಯದು. ಮೂರನೆಯದು... ಒಂದೊಂದಾಗಿ ಎಲ್ಲ ಇಂಜಿನ್ನೂ ಆರಿದವು. ಆ ಚಳಿಯಲ್ಲಿ! ಸರಿಯಾಗಿ ಕೇಳಿಸಲೆಂದು.

“ಯಾರಿಗೂ ಹೇಳಬೇಕಾಗಿಲ್ಲ, ಲಾಯ್ಡ್,” ಎಂದೆ. “ನೀನೇ ಹೇಳಿಬಿಟ್ಟೆ.”

ಬಾಗಿಲು ತೆರೆಯಿತು. ಅದರ ಹಿಂದೆಯೇ ನನ್ನ ದನಿ ಅಂಗಳದ ಕಂಬಗಳಿಂದ ಗುಡುಗಿ ಒಳಗೆ ಬಂತು: ‘...ನೀನೇ ಹೇಳಿಬಿಟ್ಟೆ.’ ನಾನು ಟೈಪು ಮಾಡಿದ ಮೂರು ಸಾಲು ಮೇಜಿನ ಮೈಕನ್ನು ಎಬ್ಬಿಸಿದ್ದವು.

ಬಾಗಿಲಲ್ಲಿ ಬಕ್. ಕೈಯಲ್ಲಿ ವೈರ್ ಇರಲಿಲ್ಲ, ಕೊಕ್ಕೆಗೋಲು ಇತ್ತು.

“ಬಕ್! ಹಿಡಿ ಅವಳನ್ನ!”

ಬಕ್ ಅಲುಗಲಿಲ್ಲ.

“ನಂಗೆ ಕುಡಿತ ಬಿಡ್ಸಿದೋನು ಆರ್ವೊ, ಯಜಮಾನ್ರೆ. ಅವನೇ ಕುಡಿದು ಸತ್ತ ಅಂತ ನೀವು ಬಂದು ಹೇಳಿದ್ರಲ್ಲ... ಅವತ್ತೇ ನಾನು ಮತ್ತೆ ಶುರು ಮಾಡ್ದೆ. ಅವನಿಗೇ ಆಗದ್ದು ನನ್ನಿಂದ ಆಗುತ್ತಾ ಅಂತ.”

ಥಿಬೊ ರೈಫಲ್ ಅತ್ತ ತಿರುಗಿಸಿದ. ಬಕ್ ಕೊಕ್ಕೆಗೋಲನ್ನು ಒಮ್ಮೆ ಬೀಸಿದ. ಅಷ್ಟೇ! ರೈಫಲ್ ಗೋಡೆಗೆ ಬಡಿದು ಬಿತ್ತು. ಥಿಬೊ ಬಕ್‌ನ ತೋಳಿನಡಿ ನುಸುಳಿ ಹೊರಗೆ ಹಾರಿದ.

ಮೆಟ್ಟಿಲಿಳಿದ. ದಿಮ್ಮಿ ರಾಶಿ ಹತ್ತಿದ. ಜಾರಿದ, ಎದ್ದ, ತನ್ನ ಪಿಕಪ್ ಗಾಡಿಯತ್ತ ಓಡಿದ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ವರ್ನಾ ಎಂಬ ಡ್ರೈವರಮ್ಮ ಮೊದಲೇ ತನ್ನ ಲಾರಿಯನ್ನು ಗೇಟಿಗೆ ಅಡ್ಡ ಹಾಕಿ ಇಂಜಿನ್ ಆರಿಸಿದ್ದಳು. ಆಚೀಚೆ ಡ್ರೈವರುಗಳು ಕೈಕಟ್ಟಿ ನಿಂತಿದ್ದರು. ಯಾರೂ ಕೂಗಲಿಲ್ಲ. ಯಾರೂ ಓಡಲಿಲ್ಲ. ನಿಧಾನವಾಗಿ ಅವನ ಕಡೆ ನಡೆದರು... ಅಷ್ಟೇ.

ಥಿಬೊ ಬಂದ ದಾರಿಯಲ್ಲೇ ವಾಪಸು ಓಡಿಬಂದ! ಚಿಲಕವಿದ್ದ ಬಾಗಿಲು ಅದೊಂದೇ ತಾನೇ? ತಾನೇ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ.

“ಶೆರಿಫ್‌ಗೆ ಫೋನ್ ಮಾಡು! ಬೇಗ! ಎಲ್ಲಾ ಹೇಳ್ತೀನಿ, ಬರ್ಕೊಡ್ತೀನಿ!”

“ಮಾಡ್ತೀನಿ. ಇರು, ಒಪ್ಕೊಂಡ ಕೆಲಸ ಮುಗೀಲಿ.”

ಬರ್ಬಟ್ಟನ್ನು ಮತ್ತೆ ಎಬ್ಬಿಸಿದೆ. ಅಪ್‌ಡೇಟ್ ಆದರೂ ಹಳೆಯ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ಒಳಗೇ ಮೂಲೆಯಲ್ಲಿ ಕೂತಿರುತ್ತದೆ. ಏಳುವ ಹೊತ್ತಿಗೆ ಒಂದು ಕೀಲಿ ಒತ್ತಿ ಹಿಡಿದು ಅದನ್ನು ಆಯ್ದುಕೊಂಡರೆ ಮುದಿ ಕಾರ್ಡಿಗೆ ಮತ್ತೆ ಜೀವ. ಪರದೆ ನಡುಗಿತು... ಬೆಳಗಿತು. ಆರ್ವೊ ಒಂದು ವಿಕಾರ ಮೀನು ಹಿಡಿದು ನಗುತ್ತಿರುವ ಫೋಟೊ.

ಥಿಬೊ ಕಣ್ಣು ಮುಚ್ಚಿಕೊಂಡ.

“ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇದೆ,” ಎಂದೆ. “ಈಗ ವೇದಿಕೆ ತೆಗಿ.”

“ಏನು?”

“ನಿನ್ನ ಪ್ರಶ್ನೆ. ಪದ್ಧತಿ ಗೊತ್ತಿಲ್ವಾ? ಸರಿಹೋದ ಮೇಲೆ ಕೇಳಿದೋನೇ ‘ಬಗೆಹರಿದಿದೆ’ ಅಂತ ಗುರುತು ಹಾಕ್ಬೇಕು. ನನ್ನ ಕೈಲಿ ಆಗಲ್ಲ.”

“ನಿಂಗೇನು ಹುಚ್ಚಾ! ಅವ್ರು ಮೆಟ್ಟಿಲ ಹತ್ರ ಬಂದ್ಬಿಟ್ರು!”

“ಹಾಗಾದ್ರೆ ಬೇಗ ಒತ್ತು.”

ಒತ್ತಿದ. ಅದರ ಕೆಳಗೆ ನಾನು ಆರ್ವೊನ ಪ್ರೋಗ್ರಾಮನ್ನು ಪೂರ್ತಿಯಾಗಿ ಅಂಟಿಸಿದೆ. ಯಾರು ಬೇಕಾದರೂ ತೆಗೆದುಕೊಳ್ಳಿ, ಪುಕ್ಕಟೆ, ಬರೆದವನು ಆರ್ವೊ ರೌಟಿಯೊ ಎಂದು ಸೇರಿಸಿದೆ. ಆಮೇಲೆ ಶೆರಿಫ್‌ಗೆ ಫೋನ್ ಮಾಡಿದೆ. ಬರಲು ಇಪ್ಪತ್ತೈದು ನಿಮಿಷ ಬೇಕು ಎಂದ. ಅವಸರವಿಲ್ಲ ಎಂದೆ.

“ಇನ್ನೇನು ಬೇಕು ನಿಂಗೆ?” ಥಿಬೊ ನೆಲದ ಮೇಲೆ ಕುಸಿದು ಕೇಳಿದ.

ಬಕ್ ಮೂಲೆಯ ಫ್ಲಾಸ್ಕು ಎತ್ತಿ, ಮುಚ್ಚಳದ ತುಂಬ ಕಾಫಿ ಬಗ್ಗಿಸಿ ನನ್ನ ಮುಂದಿಟ್ಟ.

ಚಿತ್ರ ಮೊದಲು, ಕಾಫಿ ಆಮೇಲೆ... ಲಾಯ್ಡ್ ಥಿಬೊ ಏನೇ ಆಗಿರಲಿ, ಆಡಿದ ಮಾತಿಗೆ ತಪ್ಪಲಿಲ್ಲ.