ಬೆನ್ನ ಮೇಲಿನ ದನಿ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಮಾತು ಯಾರು ನಂಬುತ್ತೀರಿ? ನಂಬಬೇಡಿ, ಹೋಗಿ! ಆರು ತಿಂಗಳು ಓದಲೆಂದು ಪರದೇಶದಿಂದ ಬಂದಿದ್ದ ಹುಡುಗರ ಚಾರಣಕ್ಕೆ ಒಮ್ಮೆ ಸಾಮಾನು ಹೊರುವ ಕೂಲಿ ನಾನೇ. ಶಿಖರದ ಹತ್ತಿರ ಅವರಲ್ಲೇ ಒಬ್ಬ ಹುಡುಗಿಯ ಕಾಲು ಮುರಿಯಿತು. ಅವಳನ್ನು ಬೆನ್ನಿಗೆ ಕಟ್ಟಿಸಿಕೊಂಡು ಮಂಜಿನಲ್ಲಿ ಇಳಿದೆ. ತಲೆ ಬಗ್ಗಿಸಿ ಹೊರುವವನಿಗೆ ಮುಂದಿನ ದಾರಿ ಕಾಣದು. ಬೆನ್ನ ಮೇಲಿರುವವರೇ ಹೇಳಬೇಕು.

“ಎಡಕ್ಕೆ ಬಾ ತಮ್ಮಾ, ಮೆಟ್ಟಿಲಿದೆ. ನಿಧಾನ ಕಣೋ,” ಎಂದಳು. ಕಿವಿಗೆ ತಾಗಿದ ಉಸಿರು ಮಂಜುಗಡ್ಡೆಯ ಹಾಗಿತ್ತು. ಅಕ್ಕ ತೀರಿಕೊಂಡ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಹನ್ನೊಂದು ಮೆಟ್ಟಿಲು ಇಳಿದೆ.

ಕೆಳಗೆ ಬಂದು ಅವಳೇ ದಾರಿ ಹೇಳಿದಳು ಅಂದರೆ, ಹುಡುಗರ ಜೊತೆ ಬಂದಿದ್ದ ಕಾಲೇಜಿನ ಮೇಷ್ಟ್ರು, “ಅವಳಿಗೆ ನಮ್ಮ ಭಾಷೆ ಒಂದಕ್ಷರ ಬರಲ್ಲ ಕಣಯ್ಯಾ. ಕಟ್ಟುವಾಗಲೇ ಪ್ರಜ್ಞೆ ತಪ್ಪಿತ್ತು,” ಎಂದರು.

“ಹಾಗಾದ್ರೆ ದಾರಿ ಹೇಳಿದ್ದು ನಿಮ್ಮಜ್ಜೀನಾ?” ಎಂದು ರೇಗಿದೆ.

ಆ ದನಿಗಾಗಿ ವರ್ಷಕ್ಕೊಮ್ಮೆ ಅಲ್ಲಿಗೆ ಹತ್ತುತ್ತೇನೆ. ಇರುವುದು ಬರೀ ಕಡಿದಾದ ಬಂಡೆ. ಒಂದು ಮೆಟ್ಟಿಲೂ ಇಲ್ಲ.