ಗೋಡೆಯ ಮೇಲೆ ತೋರಿಸಬೇಕಾದದ್ದು

“ಗಾಯ ಎಲ್ಲಿ ಆಗಿತ್ತು ಅಂತ ಗ್ವಾಡಿ ಮ್ಯಾಲ ತೋರಿಸ್ತೀನಿ. ನೀ ಮಾತ್ರ ನಿನ್ನ ಮೈಮ್ಯಾಲ ತೋರಿಸ್ಕೋಬ್ಯಾಡ, ತಮ್ಮಾ,” ಎಂದಳು ವೀರಭದ್ರಮ್ಮ.

ಅಂಬರೀಶ ಮೀಸೆಯಂಚಿನಲ್ಲೇ ನಕ್ಕ. ಶಕ್ತಿನಗರದಲ್ಲಿ ನೌಕರಿ, ಬಿಡುವಿನಲ್ಲಿ ಮೊಬೈಲಿನಲ್ಲಿ ಭಯಾನಕ ಕತೆ ಬರೆಯುವ ಚಟ. ಬೇರೆಯವರ ಕರುಳು ಹೊರಬೀಳುವ ಕತೆ ಯಾರಿಗೆ ಬೇಡ? ಕರುಳು ಬಿದ್ದಷ್ಟೂ ಓದುಗರು ಇನ್ನೂ ಬೇಕೆನ್ನುತ್ತಿದ್ದರು. ಹೇಸಿಕೊಳ್ಳುತ್ತಲೇ ಬಗ್ಗಿ ನೋಡುವ ಆ ಸುಖದ ರುಚಿ ಎಲ್ಲರಿಗಿಂತ ಮೊದಲು ಹತ್ತಿದ್ದು ಅವನಿಗೇ. ಮಾನ್ವಿಯ ಅಕ್ಕಿ ಗಿರಣಿಯ ಗಡಿಗೆಪ್ಪ ಮಾಟದಿಂದ ಸತ್ತನೆಂದು ಕೇಳಿ, ಅವನ ಹೆಂಡತಿ ವೀರಭದ್ರಮ್ಮನನ್ನು ಹುಡುಕಿಕೊಂಡು ಬಂದಿದ್ದ.

ಮಟಮಟ ಮಧ್ಯಾಹ್ನ. ಗಿರಣಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ತೌಡಿನ ಮುಗ್ಗಲು ವಾಸನೆ. ದೇವದುರ್ಗದ ದಾಯಾದಿಗಳು ಮಾಡಿಸಿದ ಮಾಟವದು, ಗಂಡನ ಮೈಯಲ್ಲಿ ಒಂದು ಬಾಯಿ ತೆರೆದಿತ್ತು ಎನ್ನುತ್ತ ಮುದುಕಿ ಸುಣ್ಣದ ಗೋಡೆಗೆ ಬೆರಳಿಟ್ಟಳು. ಗಾಯದ ಜಾಗ ಮೈಮೇಲೆ ತೋರಿಸಿದರೆ ಗಾಯ ಮೈಗೇ ಬರುತ್ತದೆಂಬುದು ಆ ಮನೆಯವರ ನಂಬಿಕೆ. ಅಂಬರೀಶ ಬೇಕೆಂದೇ ಅಂಗಿ ಎತ್ತಿದ. ಎಡಪಕ್ಕೆಯ ಕೆಳಗೆ ಬೆರಳೊತ್ತಿಕೊಂಡು, ಇಲ್ಲೇನು ಎಂದು ಕೇಳಿದ.

ಮುದುಕಿ ಗೋಡೆಯಿಂದ ಬೆರಳು ಕಿತ್ತಳು. ದಡಬಡನೆ ಹೊರಗೆ ಹೋಗಿ ಚಿಲಕ ಹಾಕಿಬಿಟ್ಟಳು.

“ಸೊಸಿ ಬಸರಿ ಅದಾಳ, ಅದು ಆಕಿ ಕಣ್ಣಿಗೆ ಬೀಳಬಾರದು. ಈಗ ನಿನ್ನ ಹೊರಗ ಬಿಡಂಗಿಲ್ಲ,” ಎಂದಳು ಬಾಗಿಲಾಚೆಯಿಂದ. “ಕಣ್ಣು ಮುಚ್ಚಿ ಸುಮ್ಮನ ಕುಂದರು. ನೋಡಲಿಲ್ಲಂದ್ರ ಮುಚ್ಚಿಕೊಂತದ. ನೋಡಿದ್ರ ಬೆಳೀತದ. ನಮ್ಮವರು ನೋಡಿ ನೋಡೇ ಸತ್ತರು.”

ಕತ್ತಲು. ಬಾಗಿಲು ಗುದ್ದಿದ, ಕೂಗಿದ. ಯಾರೂ ಬರಲಿಲ್ಲ. ಪಕ್ಕೆಯ ಬಳಿ ಏನೋ ಒದ್ದೆಯಾಗಿ ಬಿಚ್ಚಿಕೊಂಡಿತು. ನೋವಿಲ್ಲ. ಹಸಿ ನೆತ್ತರಿನ ವಾಸನೆ ಮಾತ್ರ. ಕಣ್ಣು ಬಿಗಿಯಾಗಿ ಮುಚ್ಚಿದ. ಬದುಕಲು ಅಷ್ಟೇ ಸಾಕಿತ್ತು.

ಬೆರಳು ಸುಮ್ಮನಿರಲಿಲ್ಲ. ತುಟಿ ಸಿಕ್ಕಿತು. ಹಲ್ಲು ಸಿಕ್ಕಿತು. ಆಮೇಲೆ ಏನೂ ಇಲ್ಲ. ಕೈ ಮೊಣಕೈತನಕ ಇಳಿಯಿತು, ಬೆನ್ನು ತಾಕಲಿಲ್ಲ. ಒಳಗೆ ತಣ್ಣನೆ ಗಾಳಿ ಬೀಸುತ್ತಿತ್ತು. ಬಹಳ ದೂರದಲ್ಲಿ, ಊರಿಗಿಂತ ದೊಡ್ಡದೇನೋ ಮಗ್ಗುಲು ಬದಲಿಸಿತು. ಇವನ ಕಡೆ ತಿರುಗಿತು. ಹೆಂಡತಿ ಶಶಿಕಲಾಗೆ ಫೋನು ಮಾಡಬೇಕೆಂದು ಮೊಬೈಲು ತೆಗೆದ. ಮಾಡಲಿಲ್ಲ. ಅದರ ದೀಪ ಹಾಕಿದ. ಕಣ್ಣು ತೆರೆದ.

ಸೊಸೆಯನ್ನು ತವರಿಗೆ ಸಾಗಿಸಿ ವೀರಭದ್ರಮ್ಮ ಚಿಲಕ ತೆಗೆದಾಗ ಸಂಜೆಯಾಗಿತ್ತು. ಓಡಿಹೋಗೆಂದು ಕೈಮುಗಿದಳು. ಅಂಬರೀಶ ಮೂಲೆಯಲ್ಲಿ ಮಡಚಿಕೊಂಡು ಕುಳಿತಿದ್ದ. ಮೊಬೈಲಿನ ಚಾರ್ಜು ತೀರಿತ್ತು. ತಲೆ, ಭುಜ ಎರಡೂ ಹೊರಗೆ ಕಾಣುತ್ತಿರಲಿಲ್ಲ. ಅವನು ಅಷ್ಟರಮಟ್ಟಿಗೆ ತನ್ನ ಪಕ್ಕೆಯೊಳಗೇ ಇಳಿದಿದ್ದ. ಅಲ್ಲಿಂದಲೇ ದನಿ ಬಂತು.

“ಯವ್ವಾ, ಒಂದು ಬ್ಯಾಟರಿ ಕೊಡ್ರಿ. ಒಳಗ ಸರಿಯಾಗಿ ಕಾಣವಲ್ದು.”