ಸಣ್ಣ ಕೋಣೆಯ ಕೆಂಪು ಗೋಡೆ

"ಅಕ್ಕಾರ, ಗೋಡಿ ಮತ್ತ ರಕ್ತ ಕಾರ್ಲಿಕ್ಕತ್ತದ್ರೀ!"

ನೀತಾ ಶಿವಕ್ಕನ ಹೊಸ್ತಿಲಲ್ಲೇ ಕುಸಿದಾಗ ನಾನೂ ಶಿವಕ್ಕನೂ ಬೆಳಗಿನ ಚಹಾ ಕುಡಿಯುತ್ತಿದ್ದೆವು. ಶಿವಕ್ಕ ಉಪನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಮನೆಪತ್ರ ಓದಿ ನಿವೃತ್ತರಾದವರು. ವಿಮಾನ ನಗರದ ನಮ್ಮ ಕಟ್ಟಡದಲ್ಲಿ ಏನೇ ಕಳೆದರೂ, ಯಾರೇ ಅತ್ತರೂ, ಜನ ಅವರ ಬಾಗಿಲನ್ನೇ ಮೊದಲು ತಟ್ಟುತ್ತಿದ್ದರು. ನಾನು ರೇಣು, ಪಕ್ಕದ ಮನೆಯವಳು. ಅವರು ಹೋದಲ್ಲಿಗೆ ಹೋಗುವವಳು.

ನೀತಾ ಮತ್ತು ಅವಳ ಗಂಡ ಸಂಜು ನಮ್ಮ ಕಟ್ಟಡದಲ್ಲಿನ ತಮ್ಮ ಮನೆಯನ್ನು ಬೇಸಿಗೆಯಲ್ಲಿ ಮುರುಗೆಪ್ಪನವರಿಂದ ಕೊಂಡಿದ್ದರು. ಸಣ್ಣ ಕೋಣೆ ಹುಟ್ಟಲಿರುವ ಮಗುವಿಗೆಂದು ಇಟ್ಟದ್ದು. ಮಗು ನಾಲ್ಕನೆಯ ತಿಂಗಳಲ್ಲೇ ಹೋಯಿತು. ಅದಾದ ವಾರಕ್ಕೆ ಆ ಕೋಣೆಯ ಗೋಡೆ ಕೆಂಪಾಗತೊಡಗಿತು.

"ನಾ ಮಲಗಿದ್ದಾಗ ಇಕೀನ ಕುಂಕುಮ ಬಳೀತಾಳ್ರಿ, ಕೇಳಿದ್ರ ಅಲ್ಲಂತಾಳ," ಎಂದ ಸಂಜು, ನಾವು ಆ ಕೋಣೆಗೆ ಹೋದಾಗ. "ಐತವಾರ ತವರಿಗೆ ಬಿಟ್ಟು ಬರ್ತೀನಿ. ತಲಿ ನೆಟ್ಟಗಾದ ಮ್ಯಾಲೆ ಬರ್ಲಿ."

ಅವಳ ಸೂಟ್‌ಕೇಸು ಬಾಗಿಲ ಬಳಿ ಆಗಲೇ ನಿಂತಿತ್ತು. ನೀತಾ ನನ್ನ ಸೆರಗು ಹಿಡಿದು ಪಿಸುಗುಟ್ಟಿದಳು: "ರೇಣಕ್ಕ, ಕೂಸು ನನ್ನ ಹುಡುಕ್ಕೊಂಡು ಬಂದದೇನ್ರಿ?"

ನಾನು ಅವಳನ್ನು ಹತ್ತಿರ ಕೂರಿಸಿಕೊಂಡೆ.

ಶಿವಕ್ಕ ಮಾತ್ರ ಗೋಡೆಗೆ ಮೂಗು ತಾಗಿಸಿ ನೋಡಿದರು. ಎದೆಮಟ್ಟದಲ್ಲಿ ಮುಚ್ಚಿದ ನಾಲ್ಕು ಮೊಳೆತೂತು. ಚಾವಣಿಯಲ್ಲಿ ಗಂಟೆ ತೂಗುವಂಥ ಕೊಕ್ಕೆ. ಸ್ವಿಚ್ ಬೋರ್ಡಿನ ಸಂದಿಯಲ್ಲಿ ಚಿಟಿಕೆ ಹಳದಿ ಪುಡಿ.

"ಮ್ಯಾಲಿನ ಮನ್ಯಾಗ ಯಾರದಾರ?" ಎಂದು ಕೇಳಿದರು.

"ವರ್ಷದಿಂದ ಬೀಗ ಇತ್ರಿ. ಹೋದ ತಿಂಗಳು ಬಾಡಿಗಿಯವರು ಬಂದಾರ," ಎಂದ ಸಂಜು.

ನೀತಾ ತವರಿಗೆ ಹೊರಡಬೇಕಿದ್ದ ಭಾನುವಾರವೇ ಶಿವಕ್ಕ ಎಲ್ಲರನ್ನೂ ಆ ಕೋಣೆಗೆ ಕರೆಸಿದರು. ಮುರುಗೆಪ್ಪನವರು ಗೋಡೆ ನೋಡುವ ಮೊದಲೇ ಗುಡುಗಿದರು: "ಎಂಟು ವರ್ಷ ಇದ್ವಿ. ಒಂದು ಹನಿ ಸೋರಿಲ್ಲ!" ಅವರ ಹೆಂಡತಿ ನಾಗವ್ವ ನೆಲ ನೋಡುತ್ತಿದ್ದರು.

"ಸೋರೂ ಮಾತು ಇನ್ನಾ ಯಾರೂ ಎತ್ತಿಲ್ಲಲ್ರೀ ಸಾಹುಕಾರ್ರ," ಎಂದು ಶಿವಕ್ಕ ನಕ್ಕು, ನಿಂಬೆಹಣ್ಣು ಹೆಚ್ಚಿ ಒಂದು ಹೋಳನ್ನು ಗೋಡೆಗೆ ಉಜ್ಜಿದರು. ರಕ್ತ ನಮ್ಮ ಕಣ್ಣೆದುರೇ ಹಳದಿಯಾಯಿತು.

"ಅರಿಶಿಣಕ್ಕ ಸುಣ್ಣ ಕೂಡಿದ್ರ ಕೆಂಪು, ಆರತಿ ನೀರು ಮಾಡೂ ಎಲ್ಲಾರಿಗೂ ಗೊತ್ತು. ಹುಳಿ ಬಿದ್ರ ತಿರುಗಿ ಹಳದಿ. ಕುಂಕುಮಾನೂ ಅಲ್ಲ, ದೆವ್ವಾನೂ ಅಲ್ಲ. ಈ ತೂತಿನ ಮೊಳಿಗೆ ದೇವರ ಜಗಲಿ ಹಲಗಿ ಇತ್ತು. ಪೂಜಿಗೆ ಎರಚಿದ ಜೇಜುರಿ ಖಂಡೋಬಾನ ಭಂಡಾರ, ಅಂದ್ರ ಅರಿಶಿಣ ಪುಡಿ, ಗೋಡಿಗೆ ಹತ್ತಿತ್ತು. ಮ್ಯಾಲಿನ ಬಚ್ಚಲ ನೀರು ಒಳಗ ಇಳಿದು ಗಾರಿಯ ಸುಣ್ಣ ಕರಗಿಸಿ ಅದಕ್ಕ ಕೂಡಿಸೇದ. ಮನಿ ಮಾರೂವಾಗ ಮ್ಯಾಲೆ ಬೀಗ, ಗೋಡಿ ಒಣಗಿತ್ತು. ಕೊಳ್ಳೂವರಿಗೆ ಹೆಂಗ ಕಾಣಬೇಕು?" ಅವರು ಸೊಂಟದ ಚೀಲದಿಂದ ಭಂಡಾರ ತೆಗೆದು ಅಂಗೈ ಚಾಚಿದರು. "ನಾಗವ್ವ, ಇದನ್ನ ಮುಟ್ಟಿ ಆಣಿ ಮಾಡಿ ಹೇಳ್ರಿ. ನೆಲೆಯಾದ ಖಂಡೋಬಾನ್ನ ಯಾಕ ಎಬ್ಬಿಸಿದ್ರಿ?"

ನಾಗವ್ವ ಮುಟ್ಟಲಿಲ್ಲ. ಕೈ ಹಿಂದಕ್ಕೆಳೆದುಕೊಂಡರು.

"ದೇವರ ಮ್ಯಾಲೆ ಬಚ್ಚಲ ನೀರು ಬೀಳ್ತಿತ್ರಿ. ಅಡಗಿಮನಿಗೆ ಒಯ್ದೆ. ಗೋಡಿ ತೊಳದ್ರ ಭಂಡಾರ ಮೋರಿಗೆ ಹೋಗ್ತದಲ್ಲ... ಅದರ ಮ್ಯಾಲೇ ಬಣ್ಣ ಹೊಡಿಸಿದೆ."

ತೊಳೆದಿದ್ದರೆ ಗೋಡೆ ಬರೀ ಒದ್ದೆಯಾಗುತ್ತಿತ್ತು, ಯಾರೂ ಹೆದರುತ್ತಿರಲಿಲ್ಲ ಎಂದುಕೊಂಡೆ.

"ಗೊತ್ತಿದ್ದ, ಕಾಣದ ದೋಷ ಮಾರೂವರು ಹೇಳಲೇಬೇಕು," ಶಿವಕ್ಕ ಮುರುಗೆಪ್ಪನವರತ್ತ ತಿರುಗಿದರು. "ಮುಚ್ಚಿಟ್ರ ಕಾನೂನು ಅದಕ್ಕ ಮೋಸ ಅಂತದ. ದುರಸ್ತಿ ನಿಮ್ಮದು. ಈಗೇ ಬರದು ಕೊಡ್ರಿ."

ಮುರುಗೆಪ್ಪನವರು ಪೆನ್ನು ತೆಗೆದರು. ನಾಗವ್ವ ನೀತಾಳ ಕೈ ಹಿಡಿದುಕೊಂಡರು: "ನಿನ್ನ ಕೂಸಿನ ಕೋಣೆ ಅಂತ ಗೊತ್ತಿರಲಿಲ್ಲವ್ವ."

ನೀತಾ ಸೂಟ್‌ಕೇಸನ್ನು ಒಳಗೆಳೆದುಕೊಂಡು ಬಂದು, ಉಳಿದ ನಿಂಬೆಹೋಳನ್ನು ಸಂಜುವಿನ ಅಂಗೈಯಲ್ಲಿಟ್ಟಳು.

"ಗೋಡಿ ಹೇಳಿದ್ದು ನಂಬಿದ್ರಿ. ನಾ ಹೇಳಿದ್ದು ನಂಬಲಿಲ್ಲ. ಉಳಿದ ಕೆಂಪು ನೀವ ಒರಸ್ರಿ."